ಇಲ್ಲ ಎಂದಿದ್ದ ಕಪ್ಪೆ ಕೋರ್ಟು ಮೆಟ್ಟಿಲೇರಿದ ಕತೆ

ಎಕ್ವಡೋರ್‌ನ ಇಂತಾಗ್ ಕಣಿವೆಯ ಸುದ್ದಿ ಓದುವವರಿಗೆ ತಲೆ ಕೆಡುವುದು ಸಹಜ. ಒಮ್ಮೆ ತಾಮ್ರದ ಗಣಿ ಅಂತಾರೆ, ಒಮ್ಮೆ ಕಪ್ಪೆ ಅಂತಾರೆ, ಇನ್ನೊಮ್ಮೆ ಸಂವಿಧಾನ. ಮೂರೂ ಒಂದೇ ಕತೆ.

ಕಪ್ಪೆಯಿಂದಲೇ ಶುರು ಮಾಡೋಣ. ಹೆಸರು ಉದ್ದಮೂತಿಯ ಹಾರ್ಲೆಕ್ವಿನ್. ಕಂದು ಮೈ, ಹಳದಿ ಮಚ್ಚೆ. ಕುಪ್ಪಳಿಸುವುದು ಕಮ್ಮಿ, ನಿಧಾನಕ್ಕೆ ನಡೆಯುವುದೇ ಜಾಸ್ತಿ. ಸದಾ ಮೋಡ ಕವಿದಿರುವ ಆಂಡೀಸ್ ಇಳಿಜಾರಿನ ಕಾಡು ಇದರ ಮನೆ. ಮೊಟ್ಟೆ ಇಡುವುದು ಹಳ್ಳದಲ್ಲಿ. ಈ ಗುಂಪಿನ ಗೊದಮೊಟ್ಟೆಗಳ ಹೊಟ್ಟೆಯಡಿ ಬಟ್ಟಲಿನಂಥ ಹಿಡಿಕೆ ಇರುತ್ತದೆ. ರಭಸದ ನೀರಿನಲ್ಲೂ ಅದರಿಂದಲೇ ಕಲ್ಲಿಗೆ ಅಂಟಿಕೊಂಡಿರುತ್ತವೆ. ಮೇಲಿನಿಂದ ಮಣ್ಣು ಕೊಚ್ಚಿ ಬಂದು ಕಲ್ಲಿನ ಮೇಲೆ ಕೂತರೆ ಹಿಡಿತ ಹೋಯಿತು.

1980ರ ದಶಕದಿಂದ ಇದರ ನೆಂಟರು ಲ್ಯಾಟಿನ್ ಅಮೆರಿಕದ ಬೆಟ್ಟಗಳಿಂದ ಒಂದೊಂದಾಗಿ ಕಾಣೆಯಾದರು. ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಫಂಗಸ್ ಅದಕ್ಕೆ ದೊಡ್ಡ ಕಾರಣ. ಉದ್ದಮೂತಿಯದನ್ನು 1989ರಲ್ಲಿ ಕಂಡದ್ದೇ ಕೊನೆ. ಆಮೇಲೆ ಅಳಿದ ಜೀವಿಗಳ ಪಟ್ಟಿಗೂ ಸೇರಿಸಿದರು.

ಅತ್ತ ಅದೇ ಕಣಿವೆಗೆ 1990ರ ದಶಕದಲ್ಲಿ ಜಪಾನಿನವರು ತಾಮ್ರ ಹುಡುಕಿಕೊಂಡು ಬಂದರು. 1997ರಲ್ಲಿ ಊರವರು ಅವರ ಕ್ಯಾಂಪಿನ ಸಾಮಾನನ್ನೆಲ್ಲ ಪಟ್ಟಿ ಮಾಡಿ ಹೊರಗೆ ಸಾಗಿಸಿ, ಆಮೇಲೆ ಕ್ಯಾಂಪಿಗೆ ಬೆಂಕಿ ಇಟ್ಟರು. ಸಿಟ್ಟಿನಲ್ಲೂ ಲೆಕ್ಕ ತಪ್ಪಲಿಲ್ಲ ನೋಡಿ. ಮುಂದೆ ಕೆನಡಾದವರು ಬಂದು ಹೋದರು. 2014ರಲ್ಲಿ ಎಕ್ವಡೋರ್ ಮತ್ತು ಚಿಲಿಯ ಸರ್ಕಾರಿ ಕಂಪನಿಗಳು ಪೊಲೀಸ್ ಕಾವಲಿನಲ್ಲಿ ಒಳಗೆ ಕಾಲಿಟ್ಟವು.

ಎರಡು ವರ್ಷಕ್ಕೆ ಕತೆ ತಿರುಗಿತು. 2016ರ ಮಾರ್ಚ್‌ನಲ್ಲಿ ಹುನಿನ್ ಎಂಬ ಊರಿನ ಹತ್ತಿರದ ಕಾಡಿನಲ್ಲಿ ಆ ಕಪ್ಪೆ ಸಿಕ್ಕಿತು. ಒಂದಲ್ಲ, ನಾಲ್ಕು. ಮೂರು ವರ್ಷ ಕಳೆದು, ಕಳೆದೇ ಹೋಗಿದೆ ಎಂದುಕೊಂಡಿದ್ದ ಇನ್ನೊಂದು ಕಪ್ಪೆಯೂ ಅಲ್ಲೇ ಕಂಡಿತು. ಇಲ್ಲದ ಪ್ರಾಣಿಯ ಹೆಸರಲ್ಲಿ ಯಾರೂ ತಕರಾರು ತೆಗೆಯುವಂತಿಲ್ಲ. ಇರುವ ಪ್ರಾಣಿಯ ಹೆಸರಲ್ಲಿ ಆಗುತ್ತದೆ, ಅದೂ ಎಕ್ವಡೋರ್‌ನಲ್ಲಿ. ಅಲ್ಲಿನ 2008ರ ಸಂವಿಧಾನ ಪ್ರಕೃತಿಗೇ ಹಕ್ಕು ಕೊಟ್ಟಿದೆ. ಗಣಿಗೆ ಮುಂಚೆ ಮಾಡಿದ ಪರಿಸರ ಅಧ್ಯಯನದಲ್ಲಿ ಈ ಕಪ್ಪೆಗಳ ಸುದ್ದಿಯೇ ಇಲ್ಲ ಎಂಬುದು ಊರವರ ಪರ ವಾದಗಳಲ್ಲಿ ಒಂದು. ಸರಿಯಾಗಿ ಹುಡುಕಿದ್ದರೆ ತಾನೇ ಸಿಗುವುದು, ಅಲ್ವಾ?

2020ರಲ್ಲಿ ಕೊಟಕಾಚಿಯ ಕೋರ್ಟು ಕಪ್ಪೆಗಳ ಪರ ಹೇಳಿತು. ಅಲ್ಲಿಗೆ ಮುಗಿಯಲಿಲ್ಲ. ಮೇಲ್ಮನವಿ, ಹೊಸ ಅರ್ಜಿ, ಮತ್ತೆ ಮೇಲ್ಮನವಿ ಅಂತ ವರ್ಷಗಳೇ ಕಳೆದವು. ಈ ನಡುವೆ 2021ರ ಕೊನೆಗೆ ದೇಶದ ಸಂವಿಧಾನ ಕೋರ್ಟು ಪಕ್ಕದ ಲೋಸ್ ಸೆದ್ರೋಸ್ ಮೋಡಗಾಡಿನಲ್ಲಿ ಗಣಿಗೆ ಕೊಟ್ಟಿದ್ದ ಅನುಮತಿ ರದ್ದು ಮಾಡಿತು. ಕೊನೆಗೆ 2023ರ ಮಾರ್ಚ್‌ನಲ್ಲಿ ಇಂಬಾಬುರಾ ಪ್ರಾಂತ್ಯದ ಕೋರ್ಟು ಇಂತಾಗ್ ಗಣಿಯ ಪರವಾನಗಿಯನ್ನೂ ರದ್ದು ಮಾಡಿತು. ಊರವರನ್ನು ಸರಿಯಾಗಿ ಕೇಳಿಲ್ಲ, ಪ್ರಕೃತಿಯ ಹಕ್ಕು ಮುರಿದಿದೆ ಎಂದಿತು. ಕುದುರೆಮುಖದ ಅದಿರಿನ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನೆನಪಿರುವವರಿಗೆ ಈ ಓಡಾಟ ಹೊಸದೇನಲ್ಲ.

ಫಂಗಸ್‌ಗೆ ಮಾತ್ರ ಯಾವ ಕೋರ್ಟಿನ ಆದೇಶವೂ ತಟ್ಟುವುದಿಲ್ಲ. ಹಾಗಾಗಿ ರಾಜಧಾನಿ ಕೀಟೊ ಹತ್ತಿರದ ಹಂಬಾಟು ಕೇಂದ್ರದವರು ಈ ಕಪ್ಪೆಗಳನ್ನು ಸಾಕಿ ಮರಿ ಮಾಡಿಸುವ ಕೆಲಸಕ್ಕೆ ಕೈಹಾಕಿದ್ದಾರೆ.