ಅಮಾಲೇಕ್ಯರಿಂದ ಅತ್ತೌಬಾದವರೆಗೆ: ಕಠಿಣ ವಚನಗಳನ್ನು ವಿಶ್ವಾಸಿಗಳು ಓದಿದ ಬಗೆ

ಬೈಬಲಿನ ಒಂದನೆಯ ಸಮುವೇಲ 15ನೇ ಅಧ್ಯಾಯದ 3ನೇ ವಚನದಲ್ಲಿ ಪ್ರವಾದಿ ಸಮುವೇಲನು ಅರಸ ಸೌಲನಿಗೆ ದೇವರ ಅಪ್ಪಣೆ ಮುಟ್ಟಿಸುತ್ತಾನೆ. ಅಮಾಲೇಕ್ಯರ ಮೇಲೆ ದಂಡೆತ್ತಿ ಹೋಗು. ಗಂಡಸರು, ಹೆಂಗಸರು, ಮಕ್ಕಳು, ಮೊಲೆಗೂಸುಗಳು, ದನ, ಕುರಿ, ಒಂಟೆ, ಕತ್ತೆ ಯಾವುದನ್ನೂ ಉಳಿಸಬೇಡ. ಕುರ್‌ಆನಿನ 9ನೇ ಅಧ್ಯಾಯ ಅತ್ತೌಬಾದ 5ನೇ ವಚನವು, ನಿಷಿದ್ಧ ತಿಂಗಳುಗಳು ಕಳೆದ ಮೇಲೆ ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ ಎನ್ನುತ್ತದೆ. ಈ ಸಾಲುಗಳನ್ನು ಬಿಡಿಯಾಗಿ ಕಿತ್ತು ಮೊಬೈಲಿನಿಂದ ಮೊಬೈಲಿಗೆ ದಾಟಿಸುವವರ ವಾದ ಸಾಮಾನ್ಯವಾಗಿ ಒಂದೇ: ಗ್ರಂಥ ಹೇಳಿದ್ದು ಇದನ್ನೇ, ಹಿಂದಿನವರು ಇದನ್ನೇ ನಂಬಿದ್ದರು, ಈಗಿನವರು ಮುಜುಗರಕ್ಕೆ ಬೇರೆ ಅರ್ಥ ಕಟ್ಟುತ್ತಿದ್ದಾರೆ.

ಇತಿಹಾಸ ಹಾಗೆ ನಡೆದಿಲ್ಲ. ಈ ವಚನಗಳು ಮೊದಲ ಶತಮಾನಗಳಿಂದಲೂ ವಿಶ್ವಾಸಿಗಳನ್ನೇ ಕಾಡಿವೆ. ಅವರು ಕಂಡುಕೊಂಡ ಓದಿನ ಕ್ರಮಗಳಿಗೆ ಹೆಸರುಗಳಿವೆ, ನಿಯಮಗಳಿವೆ, ಪ್ರತಿಯೊಂದಕ್ಕೂ ಅದರದೇ ಆದ ಕುಂದೂ ಇದೆ. ಒಂದೇ ಕ್ರಮ ಒಬ್ಬರ ಕೈಯಲ್ಲಿ ಕತ್ತಿಯನ್ನು ಒರೆಗೆ ಸೇರಿಸಿದೆ, ಇನ್ನೊಬ್ಬರ ಕೈಯಲ್ಲಿ ಹಿರಿದಿದೆ. ಆದ್ದರಿಂದ ಯಾವ ಕ್ರಮ, ಯಾರ ಕೈಯಲ್ಲಿ, ಯಾವ ನಿಯಮದಡಿ ಎಂದು ಕೇಳದೆ ಗ್ರಂಥದ ಬಗ್ಗೆ ತೀರ್ಪು ಕೊಡುವುದು ಅರ್ಧ ಓದು.

ಅಳಿಸದೆ ಓದುವ ದಾರಿಗಳು

ಕ್ರೈಸ್ತರಲ್ಲಿ ಮೊದಲು ಬಂದ ಪರಿಹಾರ ಅಳಿಸುವುದೇ ಆಗಿತ್ತು. ಕಪ್ಪು ಸಮುದ್ರದ ದಡದ ಸಿನೋಪೆಯಿಂದ ರೋಮಿಗೆ ಬಂದ ಮಾರ್ಸಿಯನ್, ಹಳೆ ಒಡಂಬಡಿಕೆಯ ದೇವರೇ ಬೇರೆ, ಯೇಸು ತೋರಿಸಿದ ತಂದೆಯೇ ಬೇರೆ ಎಂದ. ಹಳೆ ಒಡಂಬಡಿಕೆಯನ್ನು ಪೂರ್ತಿ ಬಿಟ್ಟು, ಲೂಕನ ಸುವಾರ್ತೆಯನ್ನು ಮೊಟಕುಗೊಳಿಸಿ, ಪೌಲನ 10 ಪತ್ರಗಳನ್ನಷ್ಟೇ ಇಟ್ಟುಕೊಂಡ. ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಹಾಕಿತು. ಕಠಿಣ ವಚನವನ್ನು ತೆಗೆದುಹಾಕುವಂತಿಲ್ಲ, ಇಟ್ಟುಕೊಂಡೇ ಅರ್ಥ ಹುಡುಕಬೇಕು ಎಂಬ ಗೆರೆ ಅಲ್ಲಿಂದ ಗಟ್ಟಿಯಾಯಿತು.

ಹುಡುಕಿದವರಲ್ಲಿ ದೊಡ್ಡವನು ಅಲೆಕ್ಸಾಂಡ್ರಿಯದ ಒರಿಗೆನ್. ಮೂರನೆಯ ಶತಮಾನದ ಮೊದಲರ್ಧದಲ್ಲಿ ಬೋಧಿಸಿ ಬರೆದವನು. ಅವನ ಪ್ರಕಾರ ವಚನಕ್ಕೆ ದೇಹ, ಪ್ರಾಣ, ಆತ್ಮ ಎಂಬ ಮೂರು ಮಟ್ಟಗಳು. ಅಕ್ಷರಾರ್ಥ ಅಸಾಧ್ಯವಾದಾಗ ಅಥವಾ ದೇವರಿಗೆ ತಕ್ಕದ್ದಲ್ಲ ಎನಿಸಿದಾಗ ಓದುಗ ಅಲ್ಲಿ ನಿಲ್ಲಬೇಕು; ಎಡವಲಿ ಎಂದೇ ಆ ಕಲ್ಲನ್ನು ಪವಿತ್ರಾತ್ಮ ಅಲ್ಲಿಟ್ಟಿದೆ, ಎಡವಿದವನು ಮೇಲಿನ ಅರ್ಥ ಹುಡುಕಲಿ ಎಂದು. ಬೈಬಲಿನ ಯೆಹೋಶುವನ ಪುಸ್ತಕದ ಯುದ್ಧಗಳು ಆತ್ಮದೊಳಗಿನ ಯುದ್ಧಗಳ ಸಂಕೇತವಾಗಿರದಿದ್ದರೆ, ಶಾಂತಿಯನ್ನು ಕಲಿಸಿದ ಕ್ರಿಸ್ತನ ಶಿಷ್ಯರ ಸಭೆಗಳಲ್ಲಿ ಓದಲು ಅಪೊಸ್ತಲರು ಆ ಪುಸ್ತಕವನ್ನು ಒಪ್ಪಿಸುತ್ತಲೇ ಇರಲಿಲ್ಲ ಎಂದು ಅವನು ನೇರವಾಗಿ ಹೇಳುತ್ತಾನೆ. ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು ಎನ್ನುವ 137ನೇ ಕೀರ್ತನೆಯ ಕೊನೆಯ ವಚನಕ್ಕೂ ಅವನು ಇದೇ ದಾರಿ ಹಿಡಿದ. ಕೂಸುಗಳೆಂದರೆ ಆಗಷ್ಟೇ ಹುಟ್ಟುವ ಕೆಟ್ಟ ಯೋಚನೆಗಳು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠದ ನಿಯಮಾವಳಿಯಲ್ಲೂ ಈ ಓದು ಸೇರಿದೆ: ಕೆಟ್ಟ ಯೋಚನೆ ಬಂದ ಕೂಡಲೇ ಅದನ್ನು ಕ್ರಿಸ್ತನೆಂಬ ಬಂಡೆಗೆ ಅಪ್ಪಳಿಸಬೇಕು.

ಉತ್ತರ ಆಫ್ರಿಕಾದ ಬಿಷಪ್ ಆಗಸ್ಟೀನ್ ಇದನ್ನು ನಿಯಮವಾಗಿಸಿದ. ಸುಮಾರು 396ರಲ್ಲಿ ಆರಂಭಿಸಿ ಮೂವತ್ತು ವರ್ಷಗಳ ನಂತರ ಮುಗಿಸಿದ ತನ್ನ ಬೋಧನಾಗ್ರಂಥದ ಮೂರನೆಯ ಭಾಗದಲ್ಲಿ, ಒಳ್ಳೆಯ ನಡತೆಗಾಗಲಿ ನಂಬಿಕೆಯ ಸತ್ಯಕ್ಕಾಗಲಿ ಸಲ್ಲದ ಯಾವ ಮಾತನ್ನೂ ಸಂಕೇತವೆಂದೇ ತಿಳಿಯಬೇಕು ಎಂದ. ಅಳತೆಗೋಲು ದೇವರ ಮೇಲಿನ ಮತ್ತು ನೆರೆಯವರ ಮೇಲಿನ ಪ್ರೀತಿ. ಆದರೆ ಇದೇ ಆಗಸ್ಟೀನ್, ಹಳೆ ಒಡಂಬಡಿಕೆಯನ್ನು ತಳ್ಳಿಹಾಕುತ್ತಿದ್ದ ಮಣಿಕೀಯ ಪಂಥದ ಫೌಸ್ತನಿಗೆ ಉತ್ತರಿಸುವಾಗ ಮೋಶೆಯ ಯುದ್ಧಗಳನ್ನು ಸಂಕೇತಗಳೆಂದಷ್ಟೇ ಬಿಡಲಿಲ್ಲ. ದೇವರ ಅಪ್ಪಣೆಯಿಂದ ನಡೆದ ಯುದ್ಧ ನ್ಯಾಯವೇ ಎಂದು ವಾದಿಸಿದ. ಹನ್ನೊಂದು ಶತಮಾನಗಳ ಬಳಿಕ ಸಂಕೇತಾರ್ಥದ ಓದನ್ನು ತಳ್ಳಿಹಾಕಿದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಹಿಡಿದದ್ದೂ ಈ ಎರಡನೆಯ ದಾರಿಯನ್ನೇ: ಜೀವ ಕೊಟ್ಟವನಿಗೆ ತೆಗೆದುಕೊಳ್ಳುವ ಹಕ್ಕಿದೆ, ಅದು ಒಮ್ಮೆ, ಒಂದು ಜನಾಂಗಕ್ಕೆ ಕೊಟ್ಟ ಅಪ್ಪಣೆ.

ಈ ವಾದದ ಬಿರುಕು ‘ಒಮ್ಮೆ’ ಎಂಬಲ್ಲೇ ಇದೆ. 1637ರ ಮೇ ತಿಂಗಳಲ್ಲಿ ಈಗಿನ ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಮಿಸ್ಟಿಕ್ ಎಂಬಲ್ಲಿ ಇಂಗ್ಲಿಷ್ ವಲಸಿಗರು ಪೀಕ್ವಾಟ್ ಜನರ ಕೋಟೆಯೂರಿಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳನ್ನೂ ಕೊಂದರು. ದಂಡಿನ ನಾಯಕರಲ್ಲೊಬ್ಬನಾದ ಜಾನ್ ಅಂಡರ್‌ಹಿಲ್ ಮರುವರ್ಷ ಪ್ರಕಟಿಸಿದ ವರದಿಯಲ್ಲಿ ದಾವೀದನ ಯುದ್ಧಗಳನ್ನು ಮುಂದಿಟ್ಟ. ಹೆತ್ತವರ ಜೊತೆ ಹೆಂಗಸರು ಮಕ್ಕಳೂ ಸಾಯಬೇಕೆಂದು ಗ್ರಂಥವೇ ಕೆಲವೊಮ್ಮೆ ಹೇಳುತ್ತದೆ, ನಮ್ಮ ಕೆಲಸಕ್ಕೆ ದೇವವಾಕ್ಯದಿಂದ ಸಾಕಷ್ಟು ಬೆಳಕಿತ್ತು ಎಂದು ಬರೆದ. ಅಪ್ಪಣೆ ಮುಗಿದುಹೋಗಿದೆ ಎಂದು ಹೇಳಬಲ್ಲ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಣ್ಣಿನಡಿಯಿಂದ ಹೊಸ ಸಾಕ್ಷ್ಯ ಬಂತು. 1868ರಲ್ಲಿ ಈಗಿನ ಜೋರ್ಡಾನಿನ ಧೀಬಾನಿನಲ್ಲಿ ಸಿಕ್ಕ ಮೇಷನ ಶಾಸನ ಕ್ರಿ.ಪೂ. ಒಂಬತ್ತನೆಯ ಶತಮಾನದ್ದು. ಮೋವಾಬಿನ ಅರಸ ಮೇಷ, ಇಸ್ರಾಯೇಲರ ನೆಬೋ ಊರನ್ನು ಹಿಡಿದು 7,000 ಜನರನ್ನು ತನ್ನ ದೇವರಿಗೆ ‘ಮೀಸಲು’ ಮಾಡಿ ಕೊಂದೆನೆಂದು ಅದರಲ್ಲಿ ಹೇಳಿಕೊಳ್ಳುತ್ತಾನೆ. ಸಮುವೇಲನ ಅಪ್ಪಣೆಯ ಭಾಷೆಯೂ ಇದೇ. ಇಸ್ರಾಯೇಲ್ ನಿರ್ನಾಮವಾಯಿತೆಂದೂ ಆ ಶಾಸನ ಕೊಚ್ಚಿಕೊಳ್ಳುತ್ತದೆ, ಇಸ್ರಾಯೇಲ್ ನಿರ್ನಾಮವಾಗಿರಲಿಲ್ಲ. ಹೀಗೆ, ‘ಎಲ್ಲರನ್ನೂ ಸಂಹರಿಸಿದರು’ ಎನ್ನುವುದು ಆ ಕಾಲದ ವಿಜಯವರ್ಣನೆಯ ರೂಢಿ ಎಂಬ ಓದು ಹುಟ್ಟಿತು. ಬೈಬಲೊಳಗೇ ಇದಕ್ಕೆ ಪುಷ್ಟಿಯಿದೆ. ಒಂದನೆಯ ಸಮುವೇಲ 15ರಲ್ಲಿ ಅಮಾಲೇಕ್ಯರೆಲ್ಲ ಕತ್ತಿಗೆ ತುತ್ತಾಗುತ್ತಾರೆ. 27ರಲ್ಲಿ ದಾವೀದ ಅವರ ಮೇಲೆ ದಾಳಿಮಾಡುತ್ತಾನೆ. 30ರಲ್ಲಿ ಅವರೇ ಬಂದು ಚಿಕ್ಲಗ್ ಊರನ್ನು ಸುಡುತ್ತಾರೆ.

ಈ ಓದು ಇವತ್ತು ಜನಪ್ರಿಯ. ಆದರೆ ಒಂದು ಪ್ರಶ್ನೆಗೆ ಅದರ ಬಳಿ ಗಟ್ಟಿ ಉತ್ತರವಿಲ್ಲ. ಸೌಲ ಅರಸುತನ ಕಳೆದುಕೊಳ್ಳುವುದೇ ಅರಸ ಅಗಾಗನನ್ನೂ ಒಳ್ಳೆಯ ದನಕುರಿಗಳನ್ನೂ ಉಳಿಸಿದ್ದಕ್ಕೆ. ಅಪ್ಪಣೆ ಬರಿಯ ಉತ್ಪ್ರೇಕ್ಷೆಯಾಗಿದ್ದರೆ ಆ ಶಿಕ್ಷೆಗೆ ಅರ್ಥವೇ ಇಲ್ಲ. ಕಥೆ ನಿಂತಿರುವುದು ಅಕ್ಷರಾರ್ಥದ ಮೇಲೆ.

ಕಥೋಲಿಕ ಸಭೆ ಈಚೆಗೆ ಹಿಡಿದದ್ದು ಬೇರೆ ಹಾದಿ. 1965ರ ದ್ವಿತೀಯ ವ್ಯಾಟಿಕನ್ ಮಹಾಸಭೆ, ಬರಹದ ಬಗೆಯನ್ನೂ ಬರೆದವರ ಕಾಲವನ್ನೂ ಅರಿಯದೆ ವಚನದ ಅರ್ಥ ಹೇಳಬಾರದೆಂದಿತು. 2010ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಪೋಪರು ಬೈಬಲಿನ ‘ಕತ್ತಲ ಭಾಗಗಳು’ ಎಂದೇ ಹೆಸರಿಟ್ಟು, ದೇವರ ಪ್ರಕಟಣೆ ಹಂತಹಂತವಾಗಿ ಬಂದದ್ದು, ಅದು ಆ ಕಾಲದ ಒರಟು ನಡಾವಳಿಯನ್ನೂ ಹೊತ್ತಿದೆ ಎಂದರು. ಇಲ್ಲಿರುವ ಅಪಾಯವನ್ನು ಯೆಹೂದ್ಯ ವಿದ್ವಾಂಸರು ಸರಿಯಾಗಿಯೇ ಗುರುತಿಸಿದ್ದಾರೆ: ‘ಅವರದು ಒರಟು ಹಂತ, ನಮ್ಮದು ಪ್ರೀತಿಯ ಹಂತ’ ಎಂದರೆ ಮಾರ್ಸಿಯನ್ ಹಿಂಬಾಗಿಲಿನಿಂದ ಒಳಬಂದಂತೆ. 1971ರಲ್ಲಿ ಬಂದ ಹೊಸ ದೈನಂದಿನ ಪ್ರಾರ್ಥನಾವಳಿ ಶಾಪಗಳಿರುವ 58, 83, 109ನೇ ಕೀರ್ತನೆಗಳನ್ನು ಪೂರ್ತಿ ಬಿಟ್ಟಿತು, 137ರ ಕೊನೆಯ ಮೂರು ವಚನಗಳನ್ನೂ ಕೈಬಿಟ್ಟಿತು. ಬೈಬಲಿನಲ್ಲಿ ಉಳಿದವು, ಬಾಯಿಂದ ಮರೆಯಾದವು. ಇದು ಸರಿಯಾದ ನಿರ್ಧಾರವೆಂದು ನಮಗನ್ನಿಸುವುದಿಲ್ಲ. 1937ರಲ್ಲಿ ನಾಜಿ ಜರ್ಮನಿಯ ನಡುವೆ ಪ್ರೊಟೆಸ್ಟೆಂಟ್ ಪಾದ್ರಿ ಡೀಟ್ರಿಚ್ ಬೊನ್ಹೋಫರ್ ಉಪದೇಶಕ್ಕೆ ಆರಿಸಿಕೊಂಡದ್ದು ಇದೇ 58ನೇ ಕೀರ್ತನೆಯನ್ನು. ಸೇಡನ್ನು ತಾನು ಕೈಗೆತ್ತಿಕೊಳ್ಳದೆ ದೇವರಿಗೆ ಒಪ್ಪಿಸುವವನ ಮೊರೆ ಎಂದು ಅವನು ಅದನ್ನು ಓದಿದ. ತುಳಿತಕ್ಕೊಳಗಾದವರಿಗೆ ಆ ಮಾತು ಬೇಕಾಗುತ್ತದೆ.

ಮೊದಲು ಬಂದದ್ದು, ಆಮೇಲೆ ಬಂದದ್ದು

ಕುರ್‌ಆನ್ ತನ್ನಲ್ಲೇ ಒಂದು ವಿಂಗಡಣೆ ಮಾಡಿಕೊಂಡಿದೆ. 3ನೇ ಅಧ್ಯಾಯದ 7ನೇ ವಚನದ ಪ್ರಕಾರ ಕೆಲವು ವಚನಗಳು ಸ್ಪಷ್ಟ, ಅವೇ ಗ್ರಂಥದ ಬುಡ. ಇನ್ನು ಕೆಲವು ಹಲವು ಅರ್ಥ ಹೊಮ್ಮಿಸುವಂಥವು, ಮನಸ್ಸು ವಕ್ರವಾದವರು ಅವುಗಳ ಬೆನ್ನು ಹತ್ತುತ್ತಾರೆ. ಅವುಗಳ ಅರ್ಥ ಬಲ್ಲವರು ಯಾರು? ‘ಅಲ್ಲಾಹನ ಹೊರತು ಯಾರೂ ಅರಿಯರು’ ಎಂಬಲ್ಲಿ ಓದು ನಿಲ್ಲಬೇಕೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಭಾರತದಲ್ಲಿ ಅಚ್ಚಾಗುವ ಪ್ರತಿಗಳಲ್ಲಿ ಅಲ್ಲಿ ‘ಮೀಮ್’ ಅಕ್ಷರದ ಕಡ್ಡಾಯ ನಿಲುಗಡೆಯ ಗುರುತಿದೆ. ಉಳಿದವರು ನಿಲ್ಲದೆ ಮುಂದಕ್ಕೆ ಓದಿ, ‘ಜ್ಞಾನದಲ್ಲಿ ಬೇರೂರಿದವರೂ’ ಅರಿಯಬಲ್ಲರು ಎನ್ನುತ್ತಾರೆ. ವ್ಯಾಖ್ಯಾನಕಾರನಿಗೆ ಎಷ್ಟು ಅಧಿಕಾರ ಎಂಬ ಪ್ರಶ್ನೆ ಉಸಿರು ನಿಲ್ಲಿಸುವ ಜಾಗದ ಮೇಲೆ ನಿಂತಿದೆ.

9:5ಕ್ಕೆ ಬಂದರೆ, ಓದುವ ಮೊದಲ ಹೆಜ್ಜೆ ಸುತ್ತಲಿನ ವಚನಗಳು. ಮಕ್ಕಾದವರೊಡನೆ ಮಾಡಿಕೊಂಡಿದ್ದ 628ರ ಹುದೈಬಿಯಾ ಒಪ್ಪಂದ ಮುರಿದುಬಿದ್ದು, 630ರಲ್ಲಿ ಮಕ್ಕಾ ಪ್ರವಾದಿಯವರ ಕೈಸೇರಿತು. ಮರುವರ್ಷದ ಹಜ್ಜಿನಲ್ಲಿ ಪ್ರವಾದಿಯವರ ಅಳಿಯ ಅಲಿಯವರು ಈ ಅಧ್ಯಾಯದ ಮೊದಲ ಭಾಗವನ್ನು ಸಾರಿದರು. 2ನೇ ವಚನ ನಾಲ್ಕು ತಿಂಗಳ ಗಡುವು ಕೊಡುತ್ತದೆ. 4ನೆಯದು ಒಪ್ಪಂದ ಪಾಲಿಸಿದವರನ್ನು ಹೊರಗಿಡುತ್ತದೆ. 6ನೆಯದು, ಬಹುದೇವಾರಾಧಕ ಆಶ್ರಯ ಕೇಳಿದರೆ ಕೊಟ್ಟು ಸುರಕ್ಷಿತ ಜಾಗಕ್ಕೆ ಮುಟ್ಟಿಸಿ ಎನ್ನುತ್ತದೆ. 13ನೆಯದು ಅವರನ್ನು ಆಣೆ ಮುರಿದವರು, ಮೊದಲು ಕೈಮಾಡಿದವರು ಎಂದು ಗುರುತಿಸುತ್ತದೆ. ಹನ್ನೆರಡನೆಯ ಶತಮಾನದ ಆಂದಲೂಸಿಯಾದ (ಈಗಿನ ಸ್ಪೇನ್) ನ್ಯಾಯಾಧೀಶ ಇಬ್ನುಲ್ ಅರಬಿ, ಇಲ್ಲಿ ಹೇಳಿರುವುದು ನಿಮ್ಮ ಮೇಲೆ ಯುದ್ಧ ಹೂಡಿದವರ ಬಗ್ಗೆ ಎಂದೇ ಬರೆದಿದ್ದಾರೆ.

ವಚನ ಇಳಿದ ಸಂದರ್ಭವನ್ನು ತಿಳಿಯುವುದು ಒಂದು ಪ್ರತ್ಯೇಕ ವಿದ್ಯೆ. 1076ರಲ್ಲಿ ತೀರಿಕೊಂಡ ಅಲ್ ವಾಹಿದಿಯವರ ಸಂಗ್ರಹ ಇದರಲ್ಲಿ ಹೆಸರಾದದ್ದು. ಆದರೆ ‘ಸಂದರ್ಭ ಹೇಳಿದರೆ ಮುಗಿಯಿತು’ ಎನ್ನುವವರು ಒಂದು ಹಳೆಯ ಸೂತ್ರವನ್ನು ಮರೆಯುತ್ತಾರೆ. ಹೆಚ್ಚಿನ ಶಾಸ್ತ್ರಜ್ಞರ ಮತದಂತೆ ಲೆಕ್ಕಕ್ಕೆ ಬರುವುದು ಮಾತಿನ ವ್ಯಾಪ್ತಿ, ಅದು ಹುಟ್ಟಿದ ಘಟನೆಯ ವ್ಯಾಪ್ತಿಯಲ್ಲ. ಹಾಗಾಗಿ ಸಂದರ್ಭವೊಂದೇ ಯಾವ ವಚನಕ್ಕೂ ಬೇಲಿ ಹಾಕಲಾರದು.

ಇಲ್ಲಿ ಬರುವುದು ನಸ್ಖ್, ಅಂದರೆ ಮೊದಲಿನ ವಿಧಿಯನ್ನು ಆಮೇಲಿನ ವಿಧಿ ರದ್ದುಮಾಡುವುದು. 2:106ನೇ ವಚನ ಇದಕ್ಕೆ ಆಧಾರ. ನನ್ನ ತಿಳಿವಳಿಕೆಯಲ್ಲಿ ಇಡೀ ಚರಿತ್ರೆಯ ತಿರುಳು ಇಲ್ಲಿದೆ. 1019ರಲ್ಲಿ ತೀರಿಕೊಂಡ ಬಗ್ದಾದಿನ ಇಬ್ನ್ ಸಲಾಮಾ, 9:5 ಒಂದೇ 124 ವಚನಗಳನ್ನು ರದ್ದುಮಾಡಿತೆಂದು ಎಣಿಸಿದರು. ಕ್ಷಮೆ, ತಾಳ್ಮೆ, ದೂರವಿರುವಿಕೆಯ ಮಾತುಗಳೆಲ್ಲ ಆ ಪಟ್ಟಿಗೆ ಬಿದ್ದವು. ಇದಕ್ಕೆ ಎದುರಾಗಿ, ಸೆರೆಯಾಳುಗಳನ್ನು ದಯೆಯಿಂದಲೋ ಒತ್ತೆಹಣ ಪಡೆದೋ ಬಿಡಿರಿ ಎನ್ನುವ 47:4ನೇ ವಚನವೇ 9:5ನ್ನು ರದ್ದುಮಾಡಿದೆ ಎಂದವರೂ ಆರಂಭದ ಕಾಲದಲ್ಲೇ ಇದ್ದರು. ಮೊದಲಿನವರು ವಿನಾಯಿತಿ, ಷರತ್ತು, ವಿವರಣೆ ಎಲ್ಲವನ್ನೂ ನಸ್ಖ್ ಎಂದೇ ಕರೆದಿದ್ದರಿಂದ ಪಟ್ಟಿ ಉಬ್ಬಿತ್ತು. ಅವನ್ನು ಬೇರ್ಪಡಿಸಿ ನೋಡಿದ ಕೈರೋದ ಸುಯೂತಿ (ನಿಧನ 1505) ಇಡೀ ಕುರ್‌ಆನಿನಲ್ಲಿ ರದ್ದಾದ ವಚನಗಳನ್ನು ಸುಮಾರು 20ಕ್ಕೆ ಇಳಿಸಿದರು. ದೆಹಲಿಯ ಶಾ ವಲಿಯುಲ್ಲಾ (1703–1762) ಆ 20ನ್ನೂ ಒಂದೊಂದಾಗಿ ಪರೀಕ್ಷಿಸಿ 5 ಮಾತ್ರ ಉಳಿಸಿದರು. ಅಲಿಗಢದ ಸರ್ ಸಯ್ಯದ್ ಅಹ್ಮದ್ ಖಾನ್ ಕುರ್‌ಆನಿನೊಳಗೆ ನಸ್ಖ್ ಇಲ್ಲವೇ ಇಲ್ಲ ಎಂದರು. 1862ರಲ್ಲಿ ಬೈಬಲಿಗೇ ಉರ್ದುವಿನಲ್ಲಿ ವ್ಯಾಖ್ಯಾನ ಬರೆಯತೊಡಗಿದ ಮುಸ್ಲಿಂ ವಿದ್ವಾಂಸರು ಅವರು. ಸುಡಾನಿನ ಮಹಮೂದ್ ಮುಹಮ್ಮದ್ ತಾಹಾ ಕ್ರಮವನ್ನೇ ತಿರುಗಿಸಿದರು: ಆಮೇಲೆ ಮದೀನಾದಲ್ಲಿ ಇಳಿದ ವಿಧಿಗಳು ಏಳನೆಯ ಶತಮಾನಕ್ಕೆ, ಮೊದಲು ಮಕ್ಕಾದಲ್ಲಿ ಇಳಿದ ಸಮಾನತೆಯ ವಚನಗಳು ನಮ್ಮ ಕಾಲಕ್ಕೆ. 1985ರ ಜನವರಿ 18ರಂದು ಖಾರ್ಟೂಮಿನಲ್ಲಿ ಧರ್ಮಭ್ರಷ್ಟತೆಯ ಆರೋಪದ ಮೇಲೆ ಅವರನ್ನು ಗಲ್ಲಿಗೇರಿಸಲಾಯಿತು.

ಅದೇ ವರ್ಷ ನಮ್ಮಲ್ಲಿ, ಇಂಥ ವಚನಗಳ ಪಟ್ಟಿ ಹಿಡಿದು ಕುರ್‌ಆನನ್ನು ನಿಷೇಧಿಸಿ ಎಂದು ಕಲ್ಕತ್ತಾ ಹೈಕೋರ್ಟಿಗೆ ಅರ್ಜಿ ಬಂತು. ಮೇ ತಿಂಗಳಲ್ಲಿ ಅದು ವಜಾ ಆಯಿತು. 26 ವಚನಗಳನ್ನು ತೆಗೆಸಿ ಎಂಬ ಇನ್ನೊಂದು ಅರ್ಜಿಯನ್ನು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 12ರಂದು ₹50,000 ದಂಡದೊಡನೆ ತಳ್ಳಿಹಾಕಿತು. ವಿದ್ವಾಂಸರ ಕಡೆಯಿಂದ ಬಂದ ಗಟ್ಟಿ ಉತ್ತರ 2014ರ ಸೆಪ್ಟೆಂಬರಿನದು: ಐಸಿಸ್ ಮುಖಂಡ ಬಗ್ದಾದಿಗೆ 126 ಮಂದಿ ಬರೆದ ಬಹಿರಂಗ ಪತ್ರ. ಅದರ ಆರಂಭದ ಅಂಶಗಳೇ ಓದಿನ ವಿಧಾನದ ಬಗ್ಗೆ. ಒಂದು ವಿಷಯದ ಮೇಲೆ ಕುರ್‌ಆನ್ ಮತ್ತು ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿಗಳು) ಹೇಳಿದ್ದೆಲ್ಲವನ್ನೂ ಒಟ್ಟಿಗಿಡದೆ ಒಂದೇ ವಚನದಿಂದ ತೀರ್ಪು ತೆಗೆಯಬಾರದು ಎನ್ನುತ್ತದೆ ಅದು.

ಮನೆಯೊಳಗಿನ ವಚನಗಳು

ಯುದ್ಧದ ವಚನಗಳಿಗೆ ಕಾಲದ ದೂರ ನೆರವಾಗುತ್ತದೆ. ಅಮಾಲೇಕ್ಯರು ಇಂದಿಲ್ಲ, ಒಪ್ಪಂದ ಮುರಿದ ಮಕ್ಕಾದವರೂ ಇಲ್ಲ. ಹೆಂಡತಿಯರು ಇದ್ದಾರೆ. ಅದಕ್ಕೇ ಕುರ್‌ಆನಿನ 4:34 ಮತ್ತು ಎಫೆಸದವರಿಗೆ ಬರೆದ ಪತ್ರದ 5:22 ಇವತ್ತಿಗೂ ಹೆಚ್ಚು ನೋಯಿಸುವ ವಚನಗಳು ಎಂದು ನಾವು ಭಾವಿಸುತ್ತೇವೆ.

4:34, ಪತಿಗೆ ಎದುರು ನಿಲ್ಲುವ ಹೆಂಡತಿಯ ವಿಷಯದಲ್ಲಿ ಬುದ್ಧಿವಾದ, ಹಾಸಿಗೆಯಿಂದ ದೂರವಿಡುವುದು, ಕೊನೆಗೆ ಹೊಡೆಯುವುದು ಎಂಬ ಮೂರು ಹಂತ ಹೇಳುತ್ತದೆ. ಹಳೆಯ ವ್ಯಾಖ್ಯಾನಕಾರರು ಗಾಯವಾಗದಂತೆ, ಹಲ್ಲುಜ್ಜುವ ಮಿಸ್ವಾಕ್ ಕಡ್ಡಿಯಂಥದ್ದರಿಂದ ಎಂದು ಅದನ್ನು ತಗ್ಗಿಸಿದರು. ಎಂಟನೆಯ ಶತಮಾನದಲ್ಲಿ ತೀರಿಕೊಂಡ ಮಕ್ಕಾದ ಅತಾ ಇಬ್ನ್ ಅಬೀ ರಬಾಹ್ ಇನ್ನೂ ಮುಂದೆ ಹೋಗಿ, ಹೊಡೆಯಕೂಡದು, ಸಿಟ್ಟನ್ನು ತೋರಿಸಿದರೆ ಸಾಕು ಎಂದರು. ಪ್ರವಾದಿಯವರು ಯಾವ ಹೆಣ್ಣಿನ ಮೇಲೂ, ಯಾವ ಸೇವಕನ ಮೇಲೂ ಕೈಮಾಡಲಿಲ್ಲವೆಂಬ ಅವರ ಪತ್ನಿ ಆಯಿಷಾರ ಮಾತು ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ಟ್ಯುನೀಷಿಯಾದ ಇಬ್ನ್ ಆಶೂರ್ (1879–1973), ಗಂಡಂದಿರು ಮಿತಿ ಮೀರುತ್ತಾರೆಂದು ಕಂಡರೆ ಆಳುವವರು ಅದನ್ನು ನಿಷೇಧಿಸಿ, ಹೊಡೆದವನಿಗೆ ಶಿಕ್ಷೆ ಸಾರಬಹುದು ಎಂದು ಬರೆದರು. ಇದಕ್ಕೊಂದು ಹಳೆಯ ಮಾದರಿಯಿದೆ: ಬರದ ವರ್ಷದಲ್ಲಿ ಖಲೀಫ ಉಮರ್ ಕಳ್ಳರ ಕೈ ಕತ್ತರಿಸುವ ಶಿಕ್ಷೆಯನ್ನು ತಡೆಹಿಡಿದದ್ದು. ವಚನ ಅಲ್ಲೇ ಇರುತ್ತದೆ, ಜಾರಿ ನಿಲ್ಲುತ್ತದೆ.

ಎಫೆಸ ಪತ್ರ ಹೆಂಡತಿಯರಿಗೆ ಗಂಡಂದಿರಿಗೆ ಅಧೀನರಾಗಿರಿ ಎನ್ನುತ್ತದೆ. ಹೊಡೆತದ ಮಾತು ಅಲ್ಲಿಲ್ಲ, ಆದರೆ ಹೊಡೆತವನ್ನು ಸಹಿಸು ಎಂದು ಹೇಳಲು ಅದನ್ನು ತಲೆಮಾರುಗಳಿಂದ ಬಳಸಿದ್ದಾರೆ. ಹಿಂದಿನ ವಚನ ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುತ್ತದೆ, 25ನೆಯದು ಹೆಂಡತಿಗಾಗಿ ತನ್ನನ್ನೇ ಕೊಟ್ಟುಕೊಳ್ಳುವಂತೆ ಗಂಡನಿಗೆ ಹೇಳುತ್ತದೆ. ಅಮೆರಿಕದ ಕಥೋಲಿಕ ಬಿಷಪರು 1992ರಲ್ಲಿ ಹೊರಡಿಸಿ 2002ರಲ್ಲಿ ಪರಿಷ್ಕರಿಸಿದ ಹೇಳಿಕೆ ಇವನ್ನು ಜೊತೆಗಿಟ್ಟು ಓದಿ, ದೌರ್ಜನ್ಯಕ್ಕೆ ಬೈಬಲನ್ನು ಆಸರೆಯಾಗಿ ಬಳಸುವುದನ್ನು ಯಾವ ರೂಪದಲ್ಲೂ ಖಂಡಿಸುತ್ತೇವೆ ಎನ್ನುತ್ತದೆ. ಗುರುಗಳು ಪ್ರಸಂಗದಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು, ನೆರವಿನ ದೂರವಾಣಿ ಸಂಖ್ಯೆಗಳನ್ನು ಚರ್ಚಿನ ಹೆಂಗಸರ ಶೌಚಾಲಯದಲ್ಲಿ ಇಡಬೇಕು ಎಂಬ ಸಲಹೆಗಳೂ ಅದರಲ್ಲಿವೆ.