ಸಿ ಪೂರ್ತಿ ಕಲಿತ ಮೇಲೇ ಬೋರ್ಡ್ ತಗೊಳ್ಳಬೇಕಾ?

"ಸರ್, ಮೈಕ್ರೋಕಂಟ್ರೋಲರ್ ಕಲಿಯೋ ಆಸೆ. ಸಿ ಪ್ರೋಗ್ರಾಮಿಂಗ್ ಭಾಷೆ ಮುಗಿಸಿಕೊಂಡು ಬೋರ್ಡ್ ತಗೊಳ್ಳಲಾ, ಇಲ್ಲ ಎಲೆಕ್ಟ್ರಾನಿಕ್ಸ್ ಮೊದಲು ಓದಲಾ?"

ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ ಲೆಕ್ಕ ಬಿಟ್ಟಿದ್ದೇನೆ. ಬೋರ್ಡ್ ಇವತ್ತೇ ತಗೊಳ್ಳಿ. ಆರ್ಡುಯಿನೋ ಊನೋ ಆರ್3 (ಮೈಕ್ರೋಕಂಟ್ರೋಲರ್, ಅಂದರೆ ಪ್ರೋಗ್ರಾಮ್ ಓಡಿಸುವ ಪುಟ್ಟ ಕಂಪ್ಯೂಟರ್ ಚಿಪ್, ಇರುವ ಬೋರ್ಡ್), ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ಹಲಗೆ), ಜಂಪರ್ ವೈರ್, ನಾಲ್ಕು ಎಲ್‌ಇಡಿ, 220 ಓಮ್ ರೆಸಿಸ್ಟರ್, ಎರಡು ಪುಶ್ ಬಟನ್, ಸಾಧಾರಣ ಮಲ್ಟಿಮೀಟರ್. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಒಂದು ಸುತ್ತು ಹೋಗಿಬಂದರೆ ಸಾಕು.

ಆದರೆ "ಸಿ ಪೂರ್ತಿ ಬರಬೇಕು" ಅನ್ನೋ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಊನೋದಲ್ಲಿರುವ ಎಟಿಮೆಗಾ328ಪಿ ಚಿಪ್‌ನ ರ್‍ಯಾಮ್ (ಪ್ರೋಗ್ರಾಮ್ ಓಡುವಾಗ ಬಳಸುವ ಮೆಮೊರಿ) ಬರೀ 2 ಕಿಲೋಬೈಟ್. ಲ್ಯಾಬ್ ಪರೀಕ್ಷೆಗೆ ಉರು ಹೊಡೆದ ಲಿಂಕ್ಡ್ ಲಿಸ್ಟು, ಫೈಲ್ ಹ್ಯಾಂಡ್ಲಿಂಗು ಶುರುವಿನಲ್ಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವೇರಿಯಬಲ್, ಇಫ್, ಲೂಪ್, ಫಂಕ್ಷನ್ ಗೊತ್ತಿದ್ದರೆ ಕೈ ಹಾಕಬಹುದು.

ಸಿ ಅರೆದು ಕುಡಿದವರೂ ಎಡವುವುದು ಬಟನ್ ಹತ್ತಿರ. ಅದರ ಒಂದು ಕಾಲು ಬೋರ್ಡಿನ 2ನೇ ಪಿನ್‌ಗೆ, ಇನ್ನೊಂದು 5 ವೋಲ್ಟ್‌ಗೆ. ಒತ್ತಿದರೆ ಎಲ್‌ಇಡಿ ಹತ್ತುತ್ತದೆ. ಬಿಟ್ಟರೆ ಆರಬೇಕು, ಸರಿಯಾಗಿ ಆರುವುದಿಲ್ಲ. ವೈರಿನ ಹತ್ತಿರ ಕೈ ತಂದರೆ ಮಿಣುಕುತ್ತದೆ! ಪ್ರೋಗ್ರಾಮಿನ ಪ್ರತಿ ಸಾಲನ್ನೂ ತಿದ್ದುತ್ತಾ ರಾತ್ರಿಯೆಲ್ಲ ಕೂತವರನ್ನು ಕಂಡಿದ್ದೇನೆ. ತಪ್ಪು ಅಲ್ಲಿಲ್ಲ. ಬಟನ್ ಬಿಟ್ಟಾಗ ಆ ಪಿನ್ ಯಾವುದಕ್ಕೂ ಸೇರದೆ ತೇಲುತ್ತಿರುತ್ತದೆ, ಸುತ್ತಲಿನ ಕರೆಂಟಿನ ಗದ್ದಲವನ್ನೆಲ್ಲ ಹಿಡಿದುಕೊಳ್ಳುತ್ತದೆ. 5 ವೋಲ್ಟ್‌ನಲ್ಲಿದ್ದ ಕಾಲನ್ನು ಗ್ರೌಂಡ್‌ಗೆ (0 ವೋಲ್ಟ್) ಹಾಕಿ, ಪ್ರೋಗ್ರಾಮಿನಲ್ಲಿ ಪಿನ್ ಹೇಗೆ ಕೆಲಸ ಮಾಡಬೇಕೆಂದು ಹೇಳುವ ಪಿನ್‌ಮೋಡ್‌ನಲ್ಲಿ 'ಇನ್‌ಪುಟ್' ತೆಗೆದು 'ಇನ್‌ಪುಟ್_ಪುಲ್‌ಅಪ್' ಬರೆಯಿರಿ. ಚಿಪ್ ಒಳಗೇ ಇರುವ 20ರಿಂದ 50 ಕಿಲೋಓಮ್ ರೆಸಿಸ್ಟರ್ ಪಿನ್ನನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಈಗ ಒತ್ತಿದರೆ ಲೋ (0 ವೋಲ್ಟ್), ಬಿಟ್ಟರೆ ಹೈ (5 ವೋಲ್ಟ್). ಇಫ್ ಒಳಗಿನ ಷರತ್ತೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಇದನ್ನು ಹಾರ್ಡ್‌ವೇರ್ ಪಾಠ ಅನ್ನುತ್ತೀರೋ, ಸಾಫ್ಟ್‌ವೇರ್ ಪಾಠವೋ? ಯಾವುದನ್ನು ಮೊದಲು ಮುಗಿಸಿಕೊಂಡು ಬರುತ್ತೀರಿ?

ನನ್ನ ಹತ್ತಿರ ಕಲಿಯುವ ಬಿಕಾಂ ಹುಡುಗಿಯೊಬ್ಬಳಿಗೆ ಸಿ ಪರಿಚಯವಾಗಿ ಎರಡೇ ವಾರ. "ಒಂದು ಸಲ ಒತ್ತಿದರೆ ಮೂರು ಅಂತ ಎಣಿಸುತ್ತಿದೆ, ಬಟನ್ ಒಳಗೆ ಏನೋ ಅದುರುತ್ತಿರಬೇಕು ಸರ್" ಅಂದಳು. ನಿಜ, ಒಳಗಿನ ತಗಡು ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ಪುಸ್ತಕ ನೋಡದೆ ಕಂಡುಕೊಂಡಳಲ್ಲ, ಆ ದಿನವೆಲ್ಲ ನನಗೆ ಖುಷಿ.

ಬೆಸುಗೆ ಯಾವಾಗ ಕಲಿಯಬೇಕು ಅಂತ ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಬ್ರೆಡ್‌ಬೋರ್ಡಿನ ವೈರ್ ಸಡಿಲವಾಗಿ ಕೈಕೊಟ್ಟ ಮೊದಲ ದಿನವೇ ಶುರು ಮಾಡಿ. ಬೆಸುಗೆಯ ಐರನ್ ತುದಿಗೆ ಲೆಡ್ (ಬೆಸುಗೆಯ ತಂತಿ) ಮೆತ್ತಿ ತಂದು ಅಂಟಿಸಬೇಡಿ. ಪ್ಯಾಡ್ (ಬೋರ್ಡಿನ ತಾಮ್ರದ ಚುಕ್ಕೆ) ಮತ್ತು ಬಿಡಿಭಾಗದ ಕಾಲು ಎರಡಕ್ಕೂ ತುದಿ ತಾಗಿಸಿ ಒಂದೆರಡು ಸೆಕೆಂಡ್ ಕಾಯಿಸಿ, ಆಮೇಲೆ ಲೆಡ್ಡನ್ನು ಕಾದ ಜಾಗಕ್ಕೆ ಮುಟ್ಟಿಸಿ. 63/37 ಲೆಡ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೆ ಕರಗಿ, ನೀರಿನ ಹಾಗೆ ಹರಿದು, ಕಾಲಿನ ಸುತ್ತ ಪುಟ್ಟ ಗುಡ್ಡದಂತೆ ಹೊಳೆಯುತ್ತಾ ಕೂರುತ್ತದೆ. ಅದರಲ್ಲಿ ಸೀಸ ಇರುತ್ತದೆ, ಕೈ ತೊಳೆದುಕೊಂಡೇ ಊಟಕ್ಕೆ ಕೂತುಕೊಳ್ಳಿ.