ಕಾಲು ಮಡಚಿ ಕೂತದ್ದೊಂದೇ ಕಾರಣವೇ?

ತುಂಬಾ ಹೊತ್ತು ಕಾಲು ಮಡಚಿ ಕೂತರೆ ಎಲ್ಲರಿಗೂ ಜೋಮು ಹಿಡಿಯುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸರಿ. ಕೆಲವರಿಗೆ ಮಾತ್ರ ಪಾದ ಎತ್ತಲಾಗದೆ ವಾರಗಟ್ಟಲೆ ಚಪ್ಪಲಿ ಜಾರುತ್ತದೆ. ಕೇಳಿದರೆ "ಕೂತದ್ದು ಸರಿಯಾಗಲಿಲ್ಲ" ಅನ್ನುತ್ತಾರೆ. ಪಕ್ಕದಲ್ಲಿ ಹಾಗೇ ಕೂತವರಿಗೆ ಯಾಕೆ ಆಗಲಿಲ್ಲ?

ಮುಂಬೈಯ ನಮ್ಮ ಹೋಟೆಲ್ ಹುಡುಗರಲ್ಲೂ ಇದನ್ನು ನೋಡುತ್ತೇನೆ. ಮಾಟುಂಗದಲ್ಲಿ ನೆಲದ ಮೇಲೆ ಕೂತು ತರಕಾರಿ ಹೆಚ್ಚುವ ಒಬ್ಬ, ಪಾದ ಎಳೆಯುತ್ತಾ ಬಂದ. ಜೊತೆಗೆ ಕುಂದಾಪುರದಿಂದ ಬಂದ ಅಪ್ಪ. ಮನೆಯಲ್ಲಿ ಯಾರಿಗಾದರೂ ನರದ ಕಾಯಿಲೆ ಇದೆಯಾ ಅಂದೆ. "ಯಾರಿಗೂ ಇಲ್ಲ ಡಾಕ್ಟ್ರೇ." ನಿಮ್ಮ ಕೈ ಯಾವತ್ತಾದರೂ ಹೀಗೆ ಸೋತಿತ್ತಾ ಅಂದೆ. "ಹೌದು, ಬಸ್ಸಲ್ಲಿ ತೋಳು ಒತ್ತಿ ಮಲಗಿದ್ದೆ. ತಿಂಗಳು ಮಣಿಕಟ್ಟು ಎತ್ತಲಾಗಲಿಲ್ಲ. ಅದು ಕಾಯಿಲೆ ಅಲ್ಲ ಅಲ್ವಾ?"

ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ದೋಷ. 17ನೇ ಕ್ರೋಮೋಸೋಮಿನಲ್ಲಿ ಪಿಎಂಪಿ22 ಎಂಬ ಜೀನ್ ಇದೆ. ನರದ ಮಯಲಿನ್ ಹೊದಿಕೆಗೆ ಬೇಕಾದ ಪ್ರೋಟೀನ್ ಅದರಿಂದ ಬರುತ್ತದೆ. ಸಾಮಾನ್ಯವಾಗಿ ಎರಡು ಪ್ರತಿ ಇರಬೇಕು, ಇವರಿಗೆ ಒಂದೇ. ಒತ್ತಡಕ್ಕೆ ನರ ಬೇಗ ಸೋಲುವ ಈ ವಂಶದ ಕಾಯಿಲೆಗೆ ಎಚ್‌ಎನ್‌ಪಿಪಿ ಅನ್ನುತ್ತೇವೆ. ಈ ಕೊರತೆ ವಿಜ್ಞಾನಿಗಳಿಗೆ ಗೊತ್ತಾದದ್ದು 1993ರಲ್ಲಿ. ಮೂರು ಪ್ರತಿ ಇದ್ದರೆ ಅದು ನರದ ಬೇರೆ ಕಾಯಿಲೆ, ಶಾರ್ಕೋ-ಮಾರಿ-ಟೂತ್.

ಜನ ಎಡವುವುದು ಇಲ್ಲೇ. "ವಂಶದ್ದಾದರೆ ಹುಟ್ಟಿದಾಗಲೇ ಬರಬೇಕಿತ್ತಲ್ವಾ?" ಇಲ್ಲ. ಜೀನ್ ಪಾದವನ್ನು ಬೀಳಿಸುವುದಿಲ್ಲ. ಒತ್ತಡ ತಾಳುವ ಶಕ್ತಿ ಕಡಿಮೆ ಮಾಡುತ್ತದೆ, ಅಷ್ಟೇ. ಬೀಳಿಸುವುದು ಒತ್ತಡ: ಮಂಡಿಯ ಹೊರಬದಿ, ಮೊಣಕೈ, ಮಣಿಕಟ್ಟು, ತೋಳು. ಒತ್ತಡ ಬೀಳದಿದ್ದರೆ ಕೆಲವರಿಗೆ ಜೀವಮಾನವಿಡೀ ಏನೂ ಆಗದೇ ಇರಬಹುದು. ಹಾಗಾಗಿ ಒಂದೇ ಮನೆಯಲ್ಲಿ ಅಪ್ಪನಿಗೆ ಕೈ, ಮಗನಿಗೆ ಕಾಲು, ಅಕ್ಕನಿಗೆ ಬೆರಳಿನ ಜೋಮು. ಮೂವರೂ ಬೇರೆ ಬೇರೆ ಡಾಕ್ಟರ ಬಳಿ ಹೋಗುತ್ತಾರೆ, ಯಾರೂ ಒಟ್ಟಿಗೆ ಸೇರಿಸಿ ನೋಡುವುದಿಲ್ಲ. ನನಗೆ ಬೇಸರ ತರಿಸುವುದು ಇದೇ.

ಹೆದರಬೇಡಿ, ಎಲ್ಲ ಜೋಮೂ ಇದಲ್ಲ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಕುಷ್ಠ, ಇವನ್ನೆಲ್ಲ ಮೊದಲು ನೋಡಲೇಬೇಕು. ಎಚ್‌ಎನ್‌ಪಿಪಿ ಇದ್ದರೂ ಹೆಚ್ಚಿನವರ ಬಲ ವಾರ, ತಿಂಗಳಲ್ಲಿ ಮರಳುತ್ತದೆ, ಕೆಲವರಲ್ಲಿ ಪೂರ್ತಿ ಬರುವುದಿಲ್ಲ. ಜೀನ್ ಸರಿಪಡಿಸುವ ಔಷಧ ಇಲ್ಲ. ಆ ಹುಡುಗನಿಗೆ ಹೇಳಿದ್ದು ಇಷ್ಟು: ಸ್ಟೂಲಿನ ಮೇಲೆ ಕೂತು ಹೆಚ್ಚು, ಕಾಲ ಮೇಲೆ ಕಾಲು ಹಾಕಬೇಡ, ಸುಮ್ನೆ ಬಲವಾಗಿ ಮಾಲೀಶ್ ಮಾಡಿಸಬೇಡ. ಪ್ರತಿ ಮಗುವಿಗೆ ಈ ದೋಷ ದಾಟುವ ಸಾಧ್ಯತೆ ಅರ್ಧ. ಆಪರೇಷನ್ನಿಗೆ ಮೊದಲು ಅರಿವಳಿಕೆ ಡಾಕ್ಟರಿಗೆ ತಪ್ಪದೇ ಹೇಳಿ, ಮಲಗಿಸುವಾಗ ಮೊಣಕೈ, ಮಂಡಿಗೆ ಮೆತ್ತೆ ಇಡುತ್ತಾರೆ. ಕ್ಯಾನ್ಸರ್ ಡಾಕ್ಟರಿಗೂ ಹೇಳಿ. ವಂಶದಿಂದ ಬಂದ ನರದೋಷ ಇರುವವರಿಗೆ ವಿನ್‌ಕ್ರಿಸ್ಟಿನ್‌ನಂಥ ಔಷಧದಿಂದ ಜಾಸ್ತಿ ಹಾನಿ ಆಗಬಹುದು.